ಕನ್ನಡ ಸಂಗೀತೋದ್ಯಮ: ಧ್ವನಿಸುರುಳಿಯ ದಾಸ್ತಾನಿನಿಂದ ಕರಾರುಪತ್ರದ ಕಡತಕ್ಕೆ

ಒಂದು ಉದ್ಯಮದ ಸರಕು ಅಂಗಡಿಯ ಕಪಾಟಿನಿಂದ ಸಂಪೂರ್ಣವಾಗಿ ಮಾಯವಾದ ಬಳಿಕವೂ ಆ ಉದ್ಯಮ ಬೆಳೆಯಬಲ್ಲದು ಎಂಬುದಕ್ಕೆ ಸಂಗೀತೋದ್ಯಮಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು. ಧ್ವನಿಸುರುಳಿ ಮಾರುತ್ತಿದ್ದ ಅಂಗಡಿಗಳು ಇಂದು ಮೊಬೈಲ್ ಬಿಡಿಭಾಗಗಳ ಅಂಗಡಿಗಳಾಗಿವೆ. ಜಾತ್ರೆಯಲ್ಲಿ ಕ್ಯಾಸೆಟ್ಟುಗಳನ್ನು ಹರಡಿ ಕೂರುತ್ತಿದ್ದ ಚಿಲ್ಲರೆ ವ್ಯಾಪಾರಿ ಬೇರೆ ವ್ಯಾಪಾರಕ್ಕೆ ತಿರುಗಿದ್ದಾನೆ. ಆದರೆ ಜಗತ್ತಿನ ಮುದ್ರಿತ ಸಂಗೀತದ ವಹಿವಾಟು 2014ರವರೆಗೆ ಇಳಿಮುಖವಾಗಿದ್ದು, 2015ರಿಂದ ಪ್ರತಿ ವರ್ಷವೂ ಏರುತ್ತ, ಅಂತಾರಾಷ್ಟ್ರೀಯ ಸಂಗೀತ ಮುದ್ರಣೋದ್ಯಮ ಒಕ್ಕೂಟದ ಲೆಕ್ಕದಂತೆ 2024ರಲ್ಲಿ 29.6 ಬಿಲಿಯನ್ ಡಾಲರ್ ತಲುಪಿತು. ಇದರಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಹಣ ಬಂದದ್ದು ಅಂತರಜಾಲದ ಮೂಲಕ ಹಾಡು ಕೇಳಿಸುವ, ಅಂದರೆ ಸ್ಟ್ರೀಮಿಂಗ್ ಸೇವೆಗಳಿಂದ.

ಈ ಬೆಳವಣಿಗೆಯಲ್ಲಿ ಕನ್ನಡದ ಪಾಲೆಷ್ಟು, ಆ ಪಾಲು ಯಾರ ಕೈ ಸೇರುತ್ತದೆ ಎಂಬುದು ನಮ್ಮ ನಾಡಿನ ವರ್ತಕರು ಮತ್ತು ಸಣ್ಣ ಉದ್ಯಮಿಗಳು ತಿಳಿದುಕೊಳ್ಳಬೇಕಾದ ಸಂಗತಿ. ಏಕೆಂದರೆ ಕನ್ನಡದ ಧ್ವನಿಸುರುಳಿ ಉದ್ಯಮವನ್ನು ಕಟ್ಟಿದವರಲ್ಲಿ ಹೆಚ್ಚಿನವರು ವರ್ತಕರೇ ಹೊರತು ಸಂಗೀತಗಾರರಲ್ಲ. ಅವರ ಪೈಕಿ ಅನೇಕರ ಗೋದಾಮುಗಳಲ್ಲಿ ಹಳೆಯ ಮಾಸ್ಟರ್ ಟೇಪುಗಳು ಇಂದಿಗೂ ಇವೆ. ಆ ಟೇಪುಗಳಿಗೆ ಸಂಬಂಧಿಸಿದ ಕರಾರುಪತ್ರಗಳು ಇವೆಯೇ ಎಂಬುದರ ಮೇಲೆ ಇಂದಿನ ಆದಾಯ ನಿಂತಿದೆ.

ತಟ್ಟೆ, ಸುರುಳಿ, ರಿಂಗಣ

ಭಾರತದಲ್ಲಿ ವಾಣಿಜ್ಯ ಉದ್ದೇಶದ ಧ್ವನಿಮುದ್ರಣ 1902ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಅನಂತರದ ಸುಮಾರು ಎಂಟು ದಶಕಗಳ ಕಾಲ ಗ್ರಾಮಾಫೋನ್ ಕಂಪನಿಯದೇ ಪಾರಮ್ಯ. ತಟ್ಟೆ ಮುದ್ರಿಸಲು ದೊಡ್ಡ ಕಾರ್ಖಾನೆ ಬೇಕಿತ್ತು, ದೊಡ್ಡ ಬಂಡವಾಳ ಬೇಕಿತ್ತು. ಪ್ರಾದೇಶಿಕ ಭಾಷೆಗಳ ಹಾಡುಗಳಿಗೆ ಆ ಕಾರ್ಖಾನೆಯಲ್ಲಿ ಸರದಿ ಸಿಗುವುದೇ ಕಷ್ಟವಾಗಿತ್ತು. ಈ ಸ್ಥಿತಿಯನ್ನು ಬದಲಿಸಿದ್ದು ಕ್ಯಾಸೆಟ್. ಕೆಲವು ಪ್ರತಿ ತೆಗೆಯುವ ಯಂತ್ರಗಳು, ಖಾಲಿ ಟೇಪು, ಮುದ್ರಿತ ಹೊದಿಕೆ ಇಷ್ಟಿದ್ದರೆ ಒಂದು ಮಳಿಗೆಯ ಹಿಂಬದಿಯಲ್ಲಿಯೂ ಉದ್ಯಮ ಆರಂಭಿಸಬಹುದಾಗಿತ್ತು. 1978ರಲ್ಲಿ ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಬಂದಾಗ, ಚಲನಚಿತ್ರದ ಹಂಗಿಲ್ಲದೆಯೂ ಕನ್ನಡ ಹಾಡಿಗೆ ಮಾರುಕಟ್ಟೆ ಇದೆ ಎಂಬುದು ರುಜುವಾತಾಯಿತು. 1987ರ ‘ಪ್ರೇಮಲೋಕ’ದ ಧ್ವನಿಸುರುಳಿ ಲಹರಿ ಸಂಸ್ಥೆಯ ಹೆಸರನ್ನು ಮನೆಮನೆಗೆ ತಲುಪಿಸಿತು. ಆಕಾಶ್, ಅಶ್ವಿನಿ, ಝೇಂಕಾರ್, ಆನಂದ್ ಮೊದಲಾದ ಸಂಸ್ಥೆಗಳು ಚಿತ್ರಗೀತೆ, ಭಕ್ತಿಗೀತೆ, ಜನಪದ ಗೀತೆಗಳಲ್ಲಿ ತಮ್ಮದೇ ಆದ ನೆಲೆ ಕಂಡುಕೊಂಡವು.

ಆ ಕಾಲದ ಲೆಕ್ಕ ಯಾವ ವರ್ತಕನಿಗೂ ಅರ್ಥವಾಗುವಂಥದು. ಒಂದು ಕ್ಯಾಸೆಟ್ಟಿಗೆ ತಗಲುವ ವೆಚ್ಚ, ಸಗಟು ದರ, ಚಿಲ್ಲರೆ ವ್ಯಾಪಾರಿಯ ಕಮಿಷನ್, ಮಾರಾಟವಾಗದೆ ಹಿಂದಿರುಗಿದ ಸರಕು, ಉದ್ರಿ ವಸೂಲಿ ಇವಿಷ್ಟೇ. ಹಾಡಿನ ಹಕ್ಕಿನ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಗಾಯಕರಿಗೆ ಒಂದು ಮೊತ್ತ, ಕವಿಗೆ ಒಂದು ಮೊತ್ತ, ಕೆಲವೊಮ್ಮೆ ಶಾಲು-ಹಾರ. ವೋಚರಿನ ಮೇಲೆ ರೆವಿನ್ಯೂ ಸ್ಟಾಂಪು ಅಂಟಿಸಿ ಸಹಿ ಪಡೆದರೆ ವ್ಯವಹಾರ ಮುಗಿಯಿತು ಎಂಬ ಭಾವನೆಯಿತ್ತು.

ಎಂಪಿ3 ಸಿ.ಡಿ.ಗಳೂ, ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ನೂರಾರು ಹಾಡು ತುಂಬಿಕೊಡುವ ಪರಿಪಾಠವೂ ಈ ವ್ಯಾಪಾರವನ್ನು ಮುಗಿಸಿದವು. 2006ರ ಡಿಸೆಂಬರಿನಲ್ಲಿ ‘ಮುಂಗಾರು ಮಳೆ’ ಬಂದಾಗ ಕರೆಯ ರಿಂಗಣಕ್ಕೆ ಬದಲಾಗಿ ಹಾಡು ಕೇಳಿಸುವ ಕಾಲರ್ ಟ್ಯೂನ್ ಹೊಸ ಆದಾಯಮೂಲವಾಗಿತ್ತು. ಅದೂ ಬಹುಕಾಲ ಬಾಳಲಿಲ್ಲ. ಗ್ರಾಹಕನ ಸ್ಪಷ್ಟ ಒಪ್ಪಿಗೆಯಿಲ್ಲದೆ ಇಂತಹ ಸೇವೆಗಳಿಗೆ ಹಣ ಕಡಿತಗೊಳಿಸಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2011 ಮತ್ತು 2013ರಲ್ಲಿ ನಿರ್ದೇಶನ ನೀಡಿದ ಮೇಲೆ ಈ ಆದಾಯ ಕುಗ್ಗಿತು. ಗ್ರಾಹಕರ ದೃಷ್ಟಿಯಿಂದ ನಿರ್ದೇಶನ ನ್ಯಾಯಯುತವೇ ಆಗಿತ್ತೆನ್ನಬೇಕು. ಕೇಳದ ಹಾಡಿಗೆ ಹಣ ತೆತ್ತವರು ಅಲ್ಪಸಂಖ್ಯೆಯಲ್ಲಿರಲಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಅಂತರಜಾಲದ ದರ ಕುಸಿದದ್ದು ನಿರ್ಣಾಯಕ ತಿರುವು. ಸಾವನ್, ಗಾನಾ ಮೊದಲಾದ ದೇಶೀಯ ಸೇವೆಗಳು ಅದಕ್ಕೂ ಮೊದಲೇ ಇದ್ದವು. 2018ರಲ್ಲಿ ಸಾವನ್ ಜಿಯೋ ಮ್ಯೂಸಿಕ್‌ನೊಡನೆ ಸೇರಿತು. 2019ರ ಫೆಬ್ರವರಿಯಲ್ಲಿ ಸ್ಪಾಟಿಫೈ, ಮಾರ್ಚಿನಲ್ಲಿ ಯೂಟ್ಯೂಬ್ ಮ್ಯೂಸಿಕ್ ಭಾರತಕ್ಕೆ ಬಂದವು. ಎಲ್ಲ ಸೇವೆಗಳೂ ಉಳಿಯಲಿಲ್ಲ: ಏರ್‌ಟೆಲ್‌ನ ವಿಂಕ್ 2024ರಲ್ಲಿ ಮುಚ್ಚಿತು.

ಪೈಸೆಗಳ ಲೆಕ್ಕ

ಸ್ಟ್ರೀಮಿಂಗ್ ಸೇವೆಯು ಒಂದು ಹಾಡಿಗೆ ಇಂತಿಷ್ಟು ದರ ಎಂದು ನಿಗದಿಪಡಿಸಿ ಕೊಡುತ್ತದೆ ಎಂಬ ಕಲ್ಪನೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಸಾಮಾನ್ಯವಾಗಿ ಒಂದು ದೇಶದಲ್ಲಿ, ಒಂದು ತಿಂಗಳಲ್ಲಿ, ಚಂದಾದಾರರಿಂದ ಮತ್ತು ಜಾಹೀರಾತಿನಿಂದ ಸಂಗ್ರಹವಾದ ಹಣದಲ್ಲಿ ಹಕ್ಕುದಾರರ ಪಾಲನ್ನು ಒಂದು ರಾಶಿಯಾಗಿ ಬೇರ್ಪಡಿಸಲಾಗುತ್ತದೆ. ಸ್ಪಾಟಿಫೈ ಸಂಸ್ಥೆಯ ಹೇಳಿಕೆಯಂತೆ ಈ ಪಾಲು ಆದಾಯದ ಸುಮಾರು ಮೂರನೇ ಎರಡು ಭಾಗ. ಆ ತಿಂಗಳು ಎಲ್ಲ ಹಾಡುಗಳೂ ಸೇರಿ ಎಷ್ಟು ಬಾರಿ ಕೇಳಲ್ಪಟ್ಟವೋ ಅಷ್ಟು ಆಲಿಕೆಗಳಿಗೆ ಆ ರಾಶಿಯನ್ನು ಹಂಚಲಾಗುತ್ತದೆ. ಮೂವತ್ತು ಸೆಕೆಂಡು ಕೇಳಿದರೆ ಒಂದು ಆಲಿಕೆ.

ಉದಾಹರಣೆಗೆ, ಹಂಚಬೇಕಾದ ರಾಶಿ 1 ಕೋಟಿ ರೂಪಾಯಿ, ಒಟ್ಟು ಆಲಿಕೆಗಳು 10 ಕೋಟಿ ಎಂದಿಟ್ಟುಕೊಂಡರೆ ಒಂದು ಆಲಿಕೆಗೆ 10 ಪೈಸೆ. ಎರಡು ಲಕ್ಷ ಬಾರಿ ಕೇಳಲ್ಪಟ್ಟ ಕನ್ನಡ ಹಾಡಿಗೆ 20,000 ರೂಪಾಯಿ. ವಿತರಣೆ ಮಾಡಿಕೊಟ್ಟ ಮಧ್ಯವರ್ತಿ ಸಂಸ್ಥೆಯ ಕಮಿಷನ್ ಶೇ. 15 ಇದ್ದರೆ ಹಕ್ಕುದಾರನ ಕೈಗೆ 17,000. ಮುಂದಿನ ತಿಂಗಳು ಅದೇ ಹಾಡು ಅಷ್ಟೇ ಬಾರಿ ಕೇಳಲ್ಪಟ್ಟರೂ, ಹಿಂದಿ ಅಥವಾ ಪಂಜಾಬಿಯಲ್ಲಿ ಭಾರಿ ಜನಪ್ರಿಯ ಹಾಡೊಂದು ಬಂದು ಒಟ್ಟು ಆಲಿಕೆ 12.5 ಕೋಟಿಗೇರಿದರೆ, ರಾಶಿ ಹೆಚ್ಚದಿದ್ದಲ್ಲಿ, ದರ 8 ಪೈಸೆಗೆ ಇಳಿಯುತ್ತದೆ. ಕನ್ನಡದ ಹಾಡು ಏನನ್ನೂ ಕಳೆದುಕೊಳ್ಳದೆಯೇ ಅದರ ಆದಾಯ ಕಡಿಮೆಯಾಗುತ್ತದೆ. ಸರಕಿನ ವ್ಯಾಪಾರದಲ್ಲಿ ಇಂತಹ ಪರಿಸ್ಥಿತಿ ಇರಲಿಲ್ಲ; ಪಕ್ಕದ ಅಂಗಡಿಯಲ್ಲಿ ಸೀರೆ ಹೆಚ್ಚು ಮಾರಾಟವಾಯಿತೆಂದು ನಮ್ಮ ಅಂಗಡಿಯ ಪಂಚೆಯ ದರ ಇಳಿಯುವುದಿಲ್ಲ.

ದೇಶದಿಂದ ದೇಶಕ್ಕೂ ಅಂತರವಿದೆ. ಸ್ಪಾಟಿಫೈನ ವೈಯಕ್ತಿಕ ಚಂದಾ 2024ರಲ್ಲಿ ಭಾರತದಲ್ಲಿ ತಿಂಗಳಿಗೆ 119 ರೂಪಾಯಿ ಇದ್ದಾಗ ಅಮೆರಿಕದಲ್ಲಿ 11.99 ಡಾಲರ್, ಅಂದರೆ ಅಂದಿನ ವಿನಿಮಯ ದರದಲ್ಲಿ ಸುಮಾರು 1,000 ರೂಪಾಯಿ. ಜೊತೆಗೆ, ಭಾರತದ ಬಹುಪಾಲು ಕೇಳುಗರು ಚಂದಾ ಕಟ್ಟದೆ ಜಾಹೀರಾತು ಸಹಿತ ಕೇಳುವವರು. ಆದ್ದರಿಂದ ಮಂಡ್ಯದಲ್ಲಿ ಕೇಳಿದ ಹಾಡಿಗಿಂತ ನ್ಯೂಜೆರ್ಸಿಯ ಕನ್ನಡಿಗ ಚಂದಾದಾರ ಕೇಳಿದ ಅದೇ ಹಾಡಿಗೆ ಹಲವು ಪಟ್ಟು ಹಣ ಬರುತ್ತದೆ. ಪಂಜಾಬಿ ಸಂಗೀತಕ್ಕೆ ಕೆನಡಾ, ಬ್ರಿಟನ್‌ಗಳಲ್ಲಿ ನೆಲೆಸಿದ ಪಂಜಾಬಿಗಳು ದೊಡ್ಡ ಬಲ. ವಿದೇಶದಲ್ಲಿರುವ ಕನ್ನಡಿಗರು ಸಂಖ್ಯೆಯಲ್ಲಿ ಕಡಿಮೆ. ಆದರೂ ಹಳೆಯ ಭಾವಗೀತೆ ಮತ್ತು ದಾಸರ ಪದಗಳ ಸಂಗ್ರಹ ಉಳ್ಳವರು ಈ ವರ್ಗವನ್ನು ಲಘುವಾಗಿ ಪರಿಗಣಿಸಬಾರದು.

ಸಣ್ಣ ಗಾಯಕರಿಗೆ ಇನ್ನೊಂದು ಮಿತಿಯೂ ಇದೆ. ಹನ್ನೆರಡು ತಿಂಗಳಲ್ಲಿ 1,000 ಆಲಿಕೆ ದಾಟದ ಹಾಡಿಗೆ ಮುದ್ರಣದ ರಾಯಲ್ಟಿ ಇಲ್ಲವೆಂಬ ನಿಯಮವನ್ನು ಸ್ಪಾಟಿಫೈ 2024ರಿಂದ ಜಾರಿಗೊಳಿಸಿದೆ.

ಇಷ್ಟಾದರೂ ಪ್ರಾದೇಶಿಕ ಸಂಗೀತ ಬೆಳೆದಿರುವುದು ಸತ್ಯ, ಮತ್ತು ಅದಕ್ಕೆ ಕಾರಣ ಪ್ರವೇಶದ ಸುಲಭತೆ. ಕ್ಯಾಸೆಟ್ ಕಾಲದಲ್ಲಿ ಬಾಗಲಕೋಟೆಯ ಗಾಯಕನ ಹಾಡು ಬೆಂಗಳೂರಿನ ವಿತರಕನ ಒಪ್ಪಿಗೆಯಿಲ್ಲದೆ ಬೀದರಿಗೆ ತಲುಪುತ್ತಿರಲಿಲ್ಲ. ಇಂದು ಉತ್ತರ ಕರ್ನಾಟಕದ ಊರುಗಳಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರ್, ಒಂದು ಮೈಕ್ ಇಟ್ಟುಕೊಂಡ ಸ್ಟುಡಿಯೋಗಳಲ್ಲಿ ಜನಪದ ಧಾಟಿಯ ಹಾಡುಗಳು ಮುದ್ರಣಗೊಂಡು ನೇರವಾಗಿ ಯೂಟ್ಯೂಬಿಗೆ ಸೇರುತ್ತಿವೆ. ಮಾಳು ನಿಪನಾಳರ ‘ನಾ ಡ್ರೈವರಾ’ ಈ ದಾರಿಯಲ್ಲೇ ನಾಡಿನಾದ್ಯಂತ ಜನಪ್ರಿಯವಾಯಿತು. ಇಂತಹ ಗಾಯಕರಿಗೆ ಅಂತರಜಾಲದ ಹಣಕ್ಕಿಂತ, ಅದರಿಂದ ಬರುವ ಹೆಸರಿನ ಬಲದ ಮೇಲೆ ಜಾತ್ರೆ, ಉತ್ಸವ, ರಸಮಂಜರಿ ಕಾರ್ಯಕ್ರಮಗಳಲ್ಲಿ ದೊರೆಯುವ ಸಂಭಾವನೆ ದೊಡ್ಡದು. ಹಾಡು ಅವರ ಪಾಲಿಗೆ ಒಂದರ್ಥದಲ್ಲಿ ಜಾಹೀರಾತು.

ಹಕ್ಕು ಯಾರದು?

ಒಂದು ಹಾಡಿನಲ್ಲಿ ಹಲವು ಹಕ್ಕುಗಳು ಅಡಗಿವೆ. ಸಾಹಿತ್ಯ ಒಂದು, ರಾಗ ಸಂಯೋಜನೆ ಇನ್ನೊಂದು, ಧ್ವನಿಮುದ್ರಣ ಮತ್ತೊಂದು. 1957ರ ಕೃತಿಸ್ವಾಮ್ಯ ಅಧಿನಿಯಮದನ್ವಯ ಮೊದಲೆರಡರ ಅವಧಿ ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷ. ಧ್ವನಿಮುದ್ರಣಕ್ಕೆ ಪ್ರಕಟಣೆಯ ಮುಂದಿನ ವರ್ಷದ ಆರಂಭದಿಂದ 60 ವರ್ಷ. ಅಂದರೆ 1964ರಲ್ಲಿ ಪ್ರಕಟವಾದ ಮುದ್ರಣದ ಸ್ವಾಮ್ಯ 2024ರ ಡಿಸೆಂಬರಿಗೆ ಕೊನೆಗೊಂಡಿದೆ. 1978ರದು 2038ರವರೆಗೆ ಉಳಿಯುತ್ತದೆ. ಪುರಂದರದಾಸರ ಕೀರ್ತನೆಗೂ, 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ತತ್ವಪದಕ್ಕೂ ಸಾಹಿತ್ಯದ ಸ್ವಾಮ್ಯ ಯಾರದೂ ಅಲ್ಲ. ಆದರೆ ಅದಕ್ಕೆ ಹೊಸದಾಗಿ ಕೂಡಿಸಿದ ರಾಗಕ್ಕೂ, ಮಾಡಿದ ಮುದ್ರಣಕ್ಕೂ ಸ್ವಾಮ್ಯ ಉಂಟು. ಅಂತರಜಾಲದಲ್ಲಿ ಸಾಂಪ್ರದಾಯಿಕ ಹಾಡುಗಳ ಮೇಲೆ ಪರಸ್ಪರ ದೂರು-ಪ್ರತಿದೂರುಗಳು ಏಳುವುದು ಈ ವ್ಯತ್ಯಾಸವನ್ನು ತಿಳಿಯದಿರುವುದರಿಂದಲೇ.

ಹಳೆಯ ಧ್ವನಿಸುರುಳಿ ಸಂಸ್ಥೆಗಳು ಎದುರಿಸುವ ಮುಖ್ಯ ತೊಡಕು ಕರಾರುಪತ್ರದ್ದು. 1994ರಲ್ಲಿ ಅಂಗೀಕೃತವಾಗಿ 1995ರ ಮೇ ತಿಂಗಳಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ, ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಕೇವಲ ಐದು ವರ್ಷಗಳದ್ದೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಸೀಮಿತವೆಂದೂ ಪರಿಗಣಿಸಲಾಗುತ್ತದೆ. ತಿದ್ದುಪಡಿಗೆ ಮುಂಚಿನ ಪತ್ರಗಳಿಗೆ ಇದು ಅನ್ವಯಿಸದು. ಆದರೆ 1998ರಲ್ಲಿ ಒಂದು ಭಕ್ತಿಗೀತೆಯ ಸುರುಳಿ ತಂದ ಸಂಸ್ಥೆಯ ಬಳಿ, ‘ಸಾಹಿತ್ಯದ ಸಂಪೂರ್ಣ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ’ ಎಂಬ ಒಂದೇ ವಾಕ್ಯದ ಪತ್ರವಿದ್ದರೆ, ಆ ಹಕ್ಕು 2003ರಲ್ಲಿಯೇ ಕವಿಗೆ ಮರಳಿದೆ ಎಂಬ ವಾದಕ್ಕೆ ಬಲವಿದೆ. ನ್ಯೂಜೆರ್ಸಿಯ ಆಲಿಕೆಯ ಹಣವಂತೂ ಮೊದಲಿನಿಂದಲೂ ಆ ಪತ್ರದ ವ್ಯಾಪ್ತಿಯಲ್ಲಿರಲಿಲ್ಲ. ರೆವಿನ್ಯೂ ಸ್ಟಾಂಪಿನ ವೋಚರು ಹಣ ಸಂದಾಯವಾದದ್ದಕ್ಕೆ ಸಾಕ್ಷಿಯಾದೀತು. ಅದರಲ್ಲಿ ವರ್ಗಾವಣೆಯ ಮಾತೇ ಇಲ್ಲದಿದ್ದರೆ ಸ್ವಾಮ್ಯಕ್ಕೆ ಆಧಾರವಾಗಲಾರದು.

2012ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಚಿತ್ರಕ್ಕಾಗಿ ಸಂಭಾವನೆ ಪಡೆದು ರಚಿಸಿದ ಗೀತೆ ಮತ್ತು ಸಂಗೀತದ ಮೊದಲ ಸ್ವಾಮ್ಯ ನಿರ್ಮಾಪಕನದೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. 2012ರ ಜೂನ್ 21ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಚಿತ್ರಮಂದಿರದ ಪ್ರದರ್ಶನವನ್ನು ಹೊರತುಪಡಿಸಿ ಉಳಿದ ಬಳಕೆಗಳ ರಾಯಲ್ಟಿಯಲ್ಲಿ ಗೀತರಚನಕಾರರಿಗೂ ಸಂಯೋಜಕರಿಗೂ ಸಮಪಾಲು ಸಲ್ಲಬೇಕು; ಆ ಪಾಲನ್ನು ಅವರು ಸಂಗೀತ ಸಂಸ್ಥೆಗೆ ಬರೆದುಕೊಟ್ಟರೂ ಅದು ಊರ್ಜಿತವಾಗದು. ಕರಾರಿನ ಕಾಲಕ್ಕೆ ಬಳಕೆಯಲ್ಲಿಲ್ಲದ ಮಾಧ್ಯಮವನ್ನು ಸ್ಪಷ್ಟವಾಗಿ ಹೆಸರಿಸದ ಹೊರತು ವರ್ಗಾವಣೆ ಆ ಮಾಧ್ಯಮಕ್ಕೆ ಅನ್ವಯಿಸದೆಂಬ ಮಾತೂ ಸೇರಿತು. ಈ ಪಾಲನ್ನು ಸಂಗ್ರಹಿಸಿ ಹಂಚುವ ಭಾರತೀಯ ಪ್ರದರ್ಶನ ಹಕ್ಕುಗಳ ಸಂಘ, ಅಂದರೆ ಐ.ಪಿ.ಆರ್.ಎಸ್., 2017ರಲ್ಲಿ ಹೊಸ ಕಾನೂನಿನಡಿ ಮರುನೋಂದಣಿ ಪಡೆಯಿತು. ಕನ್ನಡದ ಗೀತರಚನಕಾರರಾಗಲಿ, ಅವರ ಕಾಲಾನಂತರ ವಾರಸುದಾರರಾಗಲಿ ಅಲ್ಲಿ ಸದಸ್ಯತ್ವ ಪಡೆದು ಕೃತಿಗಳನ್ನು ನಮೂದಿಸದಿದ್ದರೆ, ಹಣ ಅವರನ್ನು ಹುಡುಕಿಕೊಂಡು ಬರುವುದಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಬೇಕು. ರೇಡಿಯೋ, ದೂರದರ್ಶನಗಳಂತೆ ಶಾಸನಬದ್ಧ ಪರವಾನಗಿಯಡಿ ಹಾಡು ಬಳಸುವ ಹಕ್ಕು ಅಂತರಜಾಲ ಸೇವೆಗಳಿಗೂ ಇದೆಯೇ ಎಂಬ ಪ್ರಶ್ನೆ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಇಲ್ಲವೆಂದು 2019ರ ಏಪ್ರಿಲ್‌ನಲ್ಲಿ ಏಕಸದಸ್ಯ ಪೀಠವೂ, 2022ರ ಅಕ್ಟೋಬರಿನಲ್ಲಿ ವಿಭಾಗೀಯ ಪೀಠವೂ ತೀರ್ಪಿತ್ತವು. ಪರಿಣಾಮವಾಗಿ ಸೇವೆಗಳು ಹಕ್ಕುದಾರನೊಂದಿಗೆ ದರ ಮಾತನಾಡಲೇಬೇಕು. ಸಾವಿರಾರು ಹಾಡು ಉಳ್ಳವನ ಮಾತಿಗೆ ಅಲ್ಲಿ ಬೆಲೆ ಹೆಚ್ಚು. ಐವತ್ತು ಹಾಡು ಉಳ್ಳವನು ಮಧ್ಯವರ್ತಿಯ ಮೂಲಕವೇ ಹೋಗಬೇಕಾಗುತ್ತದೆ. ಆ ಮಧ್ಯವರ್ತಿಯೊಂದಿಗಿನ ಕರಾರಿನಲ್ಲಿ ‘ಮುಂಗಡ’ ಎಂದು ಕಾಣುವ ಮೊತ್ತ ಬಹುತೇಕ ಮುಂದಿನ ರಾಯಲ್ಟಿಯಿಂದ ಮುರಿದುಕೊಳ್ಳುವ ಮೊತ್ತವೇ ಆಗಿರುತ್ತದೆ. ಮುಂಗಡ ತೀರುವವರೆಗೆ ಕರಾರು ತಾನಾಗಿಯೇ ಮುಂದುವರಿಯುವ ಷರತ್ತಿದ್ದರೆ, ಮೂರು ವರ್ಷಕ್ಕೆಂದು ಕೊಟ್ಟ ಸಂಗ್ರಹ ಹತ್ತು ವರ್ಷವಾದರೂ ಹಿಂದಿರುಗದಿರಬಹುದು. ಸಹಿ ಹಾಕುವ ಮುನ್ನ ಓದಬೇಕಾದ ಮೊದಲ ಷರತ್ತು ಇದು.

ಲೆಕ್ಕಪತ್ರ ಮತ್ತು ತೆರಿಗೆ

ಧ್ವನಿಸುರುಳಿ ದಾಸ್ತಾನಾಗಿತ್ತು, ಹಕ್ಕು ಅಗೋಚರ ಸ್ವತ್ತು. ಈ ಬದಲಾವಣೆಯನ್ನು ಸಣ್ಣ ಸಂಸ್ಥೆಗಳ ಖಾತಾಕಿರ್ದಿಗಳು ಇನ್ನೂ ಪೂರ್ತಿಯಾಗಿ ಗ್ರಹಿಸಿಲ್ಲ. ಚಿತ್ರವೊಂದರ ಹಾಡುಗಳ ಹಕ್ಕನ್ನು 50 ಲಕ್ಷ ರೂಪಾಯಿಗೆ ಶಾಶ್ವತವಾಗಿ ಕೊಂಡರೆಂದು ಭಾವಿಸೋಣ. ಆದಾಯ ತೆರಿಗೆಯಲ್ಲಿ ಕೃತಿಸ್ವಾಮ್ಯದ ಮೇಲಿನ ಸವಕಳಿ, ಇಳಿಮೌಲ್ಯದ ಮೇಲೆ ಶೇ. 25. ಮೊದಲ ವರ್ಷ 12.5 ಲಕ್ಷ, ಆ ವರ್ಷ ಬಳಕೆ 180 ದಿನಕ್ಕಿಂತ ಕಡಿಮೆಯಿದ್ದರೆ ಅದರಲ್ಲಿ ಅರ್ಧ ಮಾತ್ರ. ಪೂರ್ಣ ಸವಕಳಿ ದೊರೆತರೂ ಐದು ವರ್ಷಗಳ ಕೊನೆಗೆ ಸುಮಾರು 11.87 ಲಕ್ಷ ಇನ್ನೂ ಲೆಕ್ಕದಲ್ಲಿ ಉಳಿಯುತ್ತದೆ. ಆದರೆ ಹಾಡಿನ ಆದಾಯ ಈ ಗತಿಯಲ್ಲಿ ಬರುವುದಿಲ್ಲ. ಚಿತ್ರ ಬಿಡುಗಡೆಯಾದ ಮೊದಲ ಕೆಲವು ತಿಂಗಳಲ್ಲಿ ಹೆಚ್ಚು, ಅನಂತರ ತೀರ ಕಡಿಮೆ, ಅದೃಷ್ಟವಿದ್ದರೆ ಆ ಅಲ್ಪ ಆದಾಯ ದಶಕಗಳವರೆಗೆ. ಮೊದಲ ವರ್ಷ 25 ಲಕ್ಷ ಬಂದರೆ, ಹಾಕಿದ ಹಣದ ಅರ್ಧವೇ ಮರಳಿದ್ದರೂ, ಇತರ ವೆಚ್ಚಗಳನ್ನು ಬಿಟ್ಟು, 12.5 ಲಕ್ಷ ಲಾಭವೆಂದು ತೆರಿಗೆ ಕಟ್ಟಬೇಕಾದೀತು. ಬಡ್ಡಿಗೆ ಹಣ ತಂದು ಹಕ್ಕು ಕೊಳ್ಳುವವರು ಈ ನಗದಿನ ಕೊರತೆಯನ್ನು ಮೊದಲೇ ಅಂದಾಜಿಸುವುದು ಕ್ಷೇಮ. ಕಂಪನಿಯ ಲೆಕ್ಕದಲ್ಲಿ, 26ನೇ ಲೆಕ್ಕಪತ್ರ ಮಾನಕದನ್ವಯ ಇಂತಹ ಸ್ವತ್ತಿನ ಆಯುಷ್ಯ ಹತ್ತು ವರ್ಷ ಮೀರದೆಂಬ ಪೂರ್ವಭಾವನೆಯಿದ್ದರೂ, ಹತ್ತು ವರ್ಷಕ್ಕೆ ಸಮನಾಗಿ ಹಂಚುವುದಕ್ಕಿಂತ ಮೊದಲ ವರ್ಷಗಳಲ್ಲಿಯೇ ಹೆಚ್ಚಿನ ಭಾಗ ವಜಾ ಮಾಡುವುದು ವಿವೇಕದ ಕ್ರಮ.

ಇದಕ್ಕೆ ತದ್ವಿರುದ್ಧವಾದುದು ಹಳೆಯ ಸಂಗ್ರಹದ ಸ್ಥಿತಿ. 1980ರ ದಶಕದ ಮುದ್ರಣಗಳ ವೆಚ್ಚ ಅಂದೇ ವಜಾ ಆಗಿದೆ; ಆಸ್ತಿ-ಜವಾಬ್ದಾರಿ ಪಟ್ಟಿಯಲ್ಲಿ ಅವುಗಳ ಮೌಲ್ಯ ಸೊನ್ನೆ. ಆದರೂ ತಿಂಗಳು ತಿಂಗಳು ಆದಾಯ ಬರುತ್ತಿದೆ. ಪುಸ್ತಕದಲ್ಲಿಲ್ಲದ ಈ ಸ್ವತ್ತಿನ ಆಧಾರದ ಮೇಲೆ ಬ್ಯಾಂಕು ಸುಲಭವಾಗಿ ಸಾಲ ಕೊಡದು. ಸಹೋದರರ ನಡುವೆ ಪಾಲಾಗುವಾಗ ಕಟ್ಟಡ, ಯಂತ್ರಗಳನ್ನು ಹಂಚಿಕೊಂಡು ಹಕ್ಕುಗಳ ಬಗ್ಗೆ ಪಾಲುಪತ್ರದಲ್ಲಿ ಒಂದು ಸಾಲನ್ನೂ ಬರೆಯದೆ ಹೋದರೆ, ಮುಂದೆ ಯೂಟ್ಯೂಬ್ ಚಾನೆಲ್ ಯಾರ ಹೆಸರಿನಲ್ಲಿದೆಯೋ ಆತನೇ ಆದಾಯ ಪಡೆಯುವ, ಉಳಿದವರು ವ್ಯಾಜ್ಯ ಹೂಡುವ ಪರಿಸ್ಥಿತಿ ಉಂಟಾಗುತ್ತದೆ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಸ್ವಾಮ್ಯದ ವರ್ಗಾವಣೆ ಅಥವಾ ಬಳಕೆಯ ಅನುಮತಿ ಒಂದು ಸೇವೆ. 2021ರ ಅಕ್ಟೋಬರಿನಿಂದ ದರ ಶೇ. 18. ಗೀತರಚನಕಾರ ಅಥವಾ ಸಂಯೋಜಕ ತನ್ನ ಮೂಲ ಕೃತಿಯ ಸ್ವಾಮ್ಯವನ್ನು ಸಂಗೀತ ಸಂಸ್ಥೆಗೋ ನಿರ್ಮಾಪಕನಿಗೋ ಕೊಟ್ಟಾಗ ತೆರಿಗೆ ಕಟ್ಟುವ ಹೊಣೆ ಪಡೆದವನದು, ಅಂದರೆ ವಿಲೋಮ ಪಾವತಿ. ಗಾಯಕನ ಸಂಭಾವನೆಗೆ ಈ ಕ್ರಮ ಅನ್ವಯಿಸದು. ಎರಡನ್ನೂ ಒಂದೇ ಖಾತೆಗೆ ಬರೆಯುವವರು ತಪಾಸಣೆಯ ವೇಳೆ ಬಡ್ಡಿ ಸಹಿತ ತೆರಬೇಕಾಗುತ್ತದೆ. ರಾಯಲ್ಟಿ ಪಾವತಿಯ ಮೇಲೆ ಶೇ. 10ರ ಮೂಲದಲ್ಲಿ ತೆರಿಗೆ ಕಡಿತವೂ ಉಂಟು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಮಾತ್ರ.

ಯೂಟ್ಯೂಬಿನಿಂದ ಹಣ ಪಡೆಯುವವರು ಅಮೆರಿಕದ ತೆರಿಗೆಯನ್ನೂ ಗಮನಿಸಬೇಕು. 2021ರ ಜೂನ್‌ನಿಂದ ಅಮೆರಿಕದ ವೀಕ್ಷಕರಿಂದ ಬಂದ ಆದಾಯದ ಮೇಲೆ ಅಲ್ಲಿನ ತೆರಿಗೆಯನ್ನು ಗೂಗಲ್ ಕಡಿತಗೊಳಿಸುತ್ತದೆ. ನಿಗದಿತ ನಮೂನೆಯಲ್ಲಿ ಭಾರತದ ನಿವಾಸಿಯೆಂದು ಘೋಷಿಸಿಕೊಂಡರೆ ದ್ವಿತೆರಿಗೆ ಒಪ್ಪಂದದಂತೆ ದರ ಶೇ. 15, ಅದೂ ಅಮೆರಿಕದ ಪಾಲಿಗೆ ಮಾತ್ರ. ನಮೂನೆ ಸಲ್ಲಿಸದ ವ್ಯಕ್ತಿಯ ಜಗತ್ತಿನಾದ್ಯಂತದ ಆದಾಯದಿಂದಲೂ ಶೇ. 24ರವರೆಗೆ ಕಡಿತವಾಗಬಹುದು. ಕಡಿತವಾದ ಶೇ. 15ಕ್ಕೆ ಇಲ್ಲಿ ವಿದೇಶಿ ತೆರಿಗೆ ಜಮೆ ಕೋರಬಹುದು, ಅದಕ್ಕೆ ಪ್ರತ್ಯೇಕ ನಮೂನೆ ಸಲ್ಲಿಸಬೇಕು. ಕೆಲವೇ ನಿಮಿಷಗಳಲ್ಲಿ ತುಂಬಬಹುದಾದ ಘೋಷಣೆಯನ್ನು ಸಲ್ಲಿಸದೆ ಆದಾಯದ ಕಾಲು ಭಾಗದಷ್ಟನ್ನು ಬಿಟ್ಟುಕೊಡುವುದು ಶೋಚನೀಯ.

ಹಾಡು ಬಳಸುವ ವರ್ತಕರು

ಸಂಗೀತೋದ್ಯಮದೊಡನೆ ನೇರ ಸಂಬಂಧವಿಲ್ಲದ ವರ್ತಕರಿಗೂ ಈ ವಿಷಯ ತಟ್ಟುತ್ತದೆ. ಸ್ಟ್ರೀಮಿಂಗ್ ಸೇವೆಯ ಚಂದಾ ವೈಯಕ್ತಿಕ ಬಳಕೆಗೆ ಮಾತ್ರ. ಅದರಿಂದ ಮಳಿಗೆಯಲ್ಲಿಯೋ ಹೋಟೆಲಿನಲ್ಲಿಯೋ ಹಾಡು ಕೇಳಿಸಿದರೆ ಚಂದಾ ಕಟ್ಟಿದ್ದೇನೆಂಬುದು ಸಮರ್ಥನೆಯಾಗದು. ಮುದ್ರಣದ ಹಕ್ಕುದಾರರಿಂದ ಒಂದು, ಸಾಹಿತ್ಯ-ಸಂಗೀತದ ಹಕ್ಕುದಾರರಿಂದ ಇನ್ನೊಂದು ಪರವಾನಗಿ ಬೇಕು. ಮದುವೆ ಮತ್ತು ಧಾರ್ಮಿಕ ಸಮಾರಂಭಗಳಿಗೆ ಅಧಿನಿಯಮದಲ್ಲಿಯೇ ವಿನಾಯಿತಿಯಿದೆ, ಮಳಿಗೆಯ ವಾರ್ಷಿಕೋತ್ಸವಕ್ಕೆ ಇಲ್ಲ. ಸರಕಿನ ಪ್ರಚಾರಕ್ಕಾಗಿ ಮೊಬೈಲಿನಲ್ಲಿ ಚಿತ್ರಿಸಿದ ಕಿರುದೃಶ್ಯಕ್ಕೆ ಜನಪ್ರಿಯ ಹಾಡನ್ನು ಜೋಡಿಸುವುದು ಇನ್ನೂ ಅಪಾಯಕರ. 2022ರ ನವೆಂಬರಿನಲ್ಲಿ ರಾಷ್ಟ್ರೀಯ ಪಕ್ಷವೊಂದರ ಪ್ರಚಾರ ದೃಶ್ಯದಲ್ಲಿ ‘ಕೆ.ಜಿ.ಎಫ್. ಚಾಪ್ಟರ್ 2’ರ ಸಂಗೀತ ಬಳಸಲಾಗಿದೆಯೆಂದು ಹಕ್ಕುದಾರ ಸಂಸ್ಥೆ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯದ ಮೊರೆ ಹೋದಾಗ, ಆ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯುವ ಆದೇಶ ಹೊರಬಿದ್ದಿತ್ತು. ದೃಶ್ಯವನ್ನು ತೆಗೆದುಹಾಕುವ ಷರತ್ತಿನ ಮೇಲೆ ಉಚ್ಚ ನ್ಯಾಯಾಲಯ ಆ ಆದೇಶವನ್ನು ಬದಿಗಿರಿಸಿತು. ಅಷ್ಟು ಕಾಲಾವಕಾಶವಾಗಲಿ, ವಕೀಲರ ಬಲವಾಗಲಿ ಸಣ್ಣ ವರ್ತಕನಿಗೆ ಇರುವುದಿಲ್ಲ. ಸ್ಥಳೀಯ ಕಲಾವಿದರಿಂದ ಅರ್ಧ ನಿಮಿಷದ ಸ್ವಂತ ಸಂಗೀತವನ್ನು ಬರೆಸಿ, ಅವಧಿ, ಪ್ರದೇಶ, ಮಾಧ್ಯಮ ಮೂರನ್ನೂ ನಮೂದಿಸಿದ ಕರಾರುಪತ್ರಕ್ಕೆ ಸಹಿ ಪಡೆದುಕೊಳ್ಳುವುದು ಇದಕ್ಕಿಂತ ಅಗ್ಗದ ಮಾರ್ಗ.